ಕ್ಯಾನ್ ನೀರು ಕುಡಿದ ಕಾಫಿ ಮಷಿನ್ನು

ನನ್ನ ಕಸುಬು ದಾರ, ಜಿಪ್ಪು, ಗುಂಡಿ ಮಾರುವುದು. ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಮನೆಗಳಿಂದ ಹಿಡಿದು ಕುರುಗೋಡಿನ ಟೇಲರ್ ಅಂಗಡಿ, ಸಿರುಗುಪ್ಪದ ಬಟ್ಟೆ ಅಂಗಡಿಗಳ ತನಕ ಹೆಗಲಿಗೊಂದು ಚೀಲ ಹಾಕಿಕೊಂಡು ತಿರುಗುತ್ತೇನೆ. ಹದಿನಾರು ವರ್ಷವಾಯಿತು. ಮೂರೂ ಊರಲ್ಲಿ ನನ್ನನ್ನು ‘ದಾರದಕ್ಕ’ ಅಂತಲೇ ಕರೆಯುತ್ತಾರೆ. ಬೆನ್ನ ಹಿಂದೆ ‘ಜಗಳಗಂಟಿ ಅಕ್ಕ’ ಅನ್ನುತ್ತಾರಂತೆ. ಅದೂ ಸುಳ್ಳಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಳ್ಳೆ ಕಾಫಿ ಕುಡಿದರೆ ಮಾತ್ರ ಅರ್ಧ ತಾಸು ಇಳಿದು ಕೂತಿರುತ್ತದೆ. ಹಾಗಾಗಿ ಯಾವ ಊರಲ್ಲಿ ಯಾವ ಕಾಫಿ ಎಷ್ಟು ಹೊತ್ತಿಗೆ ಸಿಗುತ್ತದೆ ಎನ್ನುವುದು ನನಗೂ ಮುಖ್ಯ, ನನ್ನ ಗಿರಾಕಿಗಳಿಗೂ ಮುಖ್ಯ.

ಗಂಡಸರಿಗೆ ಕಾಫಿ ಅಂದರೆ ಕಾಫಿ. ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತು ಕುಡಿದು ಲೋಟ ಇಟ್ಟು ಹೋಗುತ್ತಾರೆ. ಊರೂರು ತಿರುಗುವ ಹೆಂಗಸಿಗೆ ಕಾಫಿ ಅಂದರೆ ಮೊದಲು ಒಂದು ಕುರ್ಚಿ, ಆಮೇಲೆ ಒಂದು ಫ್ಯಾನು, ಆಮೇಲೆ ಒಳಗಿನಿಂದ ಚಿಲಕ ಬೀಳುವ ಒಂದು ಬಚ್ಚಲು, ಕೊನೆಗೆ ಕಾಫಿ. ಈ ನಾಲ್ಕೂ ಒಂದೇ ಸೂರಿನಡಿ ಸಿಕ್ಕರೆ ನಾನು ಆ ಅಂಗಡಿಯವರನ್ನು ಜೀವಮಾನವಿಡೀ ಹರಸುತ್ತೇನೆ. ಮೂರು ಸಿಕ್ಕರೂ ಹೊಂದಿಕೊಳ್ಳುತ್ತೇನೆ.

ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಹಳೇ ಕಾಫಿ ಹೋಟೆಲೊಂದಿದೆ. ಬೆಳಿಗ್ಗೆ ಐದಕ್ಕೇ ಅಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಯಜಮಾನರು ಒಂದೇ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಸೇರಿಸಿ ಆಡುತ್ತಾರೆ, ಆದರೆ ಹಾಲಿಗೆ ನೀರು ಮಾತ್ರ ಸೇರಿಸುವುದಿಲ್ಲ. ಸ್ಟೀಲಿನ ಲೋಟ ಬಟ್ಟಲಲ್ಲಿ ನೊರೆ ಏಳುವ ಹಾಗೆ ಎತ್ತಿ ಹೊಯ್ದು ಕೊಡುತ್ತಾರೆ. ಕೂರಲು ಜಾಗವಿಲ್ಲ, ಬಚ್ಚಲಂತೂ ಇಲ್ಲವೇ ಇಲ್ಲ, ಆದರೂ ಮೊದಲ ಬಸ್ಸಿಗೆ ಹೊರಟವರು ಆ ಸಂದಿ ಹೊಕ್ಕು ಬರದೆ ಊರು ಬಿಡುವುದಿಲ್ಲ.

ಕುರುಗೋಡಿನದು ಬೇರೆ ಥರ. ಬಂಡೆಗುಡ್ಡಗಳ ಕೆಳಗಿನ ಆ ಊರಿನಲ್ಲಿ, ಬಸ್ ಇಳಿದು ನಾಲ್ಕು ಹೆಜ್ಜೆ ನಡೆದರೆ ಒಬ್ಬರು ಹಳೇ ಉಗಿ ಡ್ರಮ್ಮು ಇಟ್ಟುಕೊಂಡು ‘ಎಸ್ಪ್ರೆಸ್ಸೊ’ ಮಾಡುತ್ತಾರೆ. ಮದುವೆ ಸೀಸನ್ನಿನಲ್ಲಿ ಆ ಡ್ರಮ್ಮು ಮದುವೆ ಮನೆಗಳಿಗೆ ಬಾಡಿಗೆಗೆ ಹೋಗಿರುತ್ತದೆ, ಆ ದಿನ ಕುರುಗೋಡಿಗೆ ಕಾಫಿಯೇ ಇಲ್ಲ. ಇದ್ದ ದಿನ ಮಾತ್ರ ಹಬ್ಬ. ಕಪ್ಪಿಗೆ ಕಾಫಿ ಪುಡಿ, ಸಕ್ಕರೆ, ಹಾಲು ಹಾಕಿ ಕೊಳವೆಯ ಕೆಳಗೆ ಹಿಡಿದರೆ ಬುಸ್ ಅಂತ ಉಗಿ ನುಗ್ಗಿ ಅರ್ಧ ಕಪ್ಪು ನೊರೆಯೇ ತುಂಬುತ್ತದೆ. ಮೇಲೆ ಒಂದು ಚಿಟಿಕೆ ಚಾಕೊಲೇಟ್ ಪುಡಿ. ಮೀಸೆ ಇಲ್ಲದವರಿಗೂ ಮೀಸೆ ಬರುತ್ತದೆ. ಬಹಳ ವರ್ಷ ನಾನು ಎಸ್ಪ್ರೆಸ್ಸೊ ಅಂದರೆ ಅದೇ ಎಂದು ನಂಬಿದ್ದೆ.

ಆ ನಂಬಿಕೆ ಒಡೆದದ್ದು ಬಳ್ಳಾರಿಯಲ್ಲಿ. ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿತ್ತು. ಗಿರಾಕಿಯೊಬ್ಬ ಮೂರು ಡಬ್ಬಿ ಜಿಪ್ಪು ವಾಪಸ್ಸು ಮಾಡಿದ್ದ, ನಾನು ಅವನ ಏಳು ತಲೆಮಾರನ್ನು ಬೈದು ಬಂದಿದ್ದೆ. ಎದುರಿಗೆ ಗಾಜಿನ ಬಾಗಿಲಿನ ಹೊಸ ಕಾಫಿ ಬಾರು ಕಂಡಿತು. ಒಳಗೆ ತಂಪು. ಗೋಡೆಯ ಮೇಲೆ ಮಾರುದ್ದದ ಪಟ್ಟಿ. ಓದುವ ತಾಳ್ಮೆ ಇರಲಿಲ್ಲ, ಮೊದಲ ಸಾಲಿನಲ್ಲಿದ್ದ ಎಸ್ಪ್ರೆಸ್ಸೊ ಕೊಡು ಅಂದೆ. ಕೌಂಟರಿನ ಹುಡುಗಿ ನನ್ನ ಮುಂದೆ ಮಕ್ಕಳ ಆಟಿಕೆ ಕಪ್ಪಿನಂಥ ಒಂದು ಕಪ್ಪು ಇಟ್ಟಳು. ಒಳಗೆ ಎರಡು ಗುಟುಕು ಕಪ್ಪು ರಸ.

“ಏನವಾ ಇದು? ರುಚಿ ನೋಡಾಕ ಕೊಟ್ಟಿಯೇನು? ಕಾಫಿ ಎಲ್ಲಿ?” ಎಂದು ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವಳು ಹೆದರಲಿಲ್ಲ. “ಇದ ಕಾಫಿ ರೀ ಅಕ್ಕಾ. ಒಂದು ಗುಟುಕು ಕುಡೀರಿ, ಆಮ್ಯಾಲೆ ಬೈರಿ” ಅಂದಳು.

ಕುಡಿದೆ. ಮೊದಲು ಕಹಿ. ನಾಲಿಗೆ ಮಡಚಿಕೊಂಡಿತು. ಮರುಕ್ಷಣ ಹುರಿದ ಶೇಂಗಾದ ಘಮ, ಅದರ ಹಿಂದೆ ಸುಟ್ಟ ಬೆಲ್ಲದ ಸಿಹಿ, ಆಮೇಲೆ ಕಿವಿಯ ತನಕ ಏರಿದ ಬಿಸಿ. ಅಷ್ಟೂ ವರ್ಷದ ದಣಿವನ್ನು ಯಾರೋ ಹಿಂದಿನಿಂದ ಬಂದು ಇಳಿಸಿಕೊಂಡ ಹಾಗಾಯಿತು. ಆ ಮಧ್ಯಾಹ್ನ ಆರು ಅಂಗಡಿ ಮಾಡುವವಳು ಹನ್ನೊಂದು ಅಂಗಡಿ ಮಾಡಿದೆ. ಸಂಜೆ ಮತ್ತೆ ಹೋಗಿ, “ಇನ್ನೊಂದು ಕೊಡವಾ, ಬೈಯಾಕ ಬಂದೀನಿ” ಅಂದೆ. ಅವಳು ನಕ್ಕಳು. ಅವಳ ಮಾತಿನ ಧಾಟಿ ಹಿಡಿದು, “ನೀ ಸಿರುಗುಪ್ಪ ಕಡ್ಯಾಕಿ ಹೌದಿಲ್ಲೋ?” ಎಂದು ಕೇಳಿದೆ. ಹೌದಂತೆ. ಕೆಂಚನಗುಡ್ಡದವಳು. ವಯಸ್ಸು ಮೂವತ್ತರ ಹತ್ತಿರ. ಅಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಭತ್ತ ಬೇಯಿಸುವ ಉಗಿ ಎಬ್ಬಿಸುವುದು ಅವರ ಕೆಲಸ. ಮಗಳು ಬಳ್ಳಾರಿಗೆ ಬಂದು ಹಾಲು ಕಾಯಿಸುವ ಉಗಿ ಎಬ್ಬಿಸುತ್ತಿದ್ದಳು.

ಎರಡು ವರ್ಷ ಅವಳ ಕೈಯ ಕಾಫಿ ಕುಡಿದೆ. ಆಮೇಲೆ ಒಂದು ದಿನ ಅವಳು, “ಅಕ್ಕಾ, ನಾನು ಊರಾಗ ಸ್ವಂತ ಹಾಕ್ತೀನಿ. ಹಳೇ ಮಷಿನ್ ಒಂದು ಸಿಕ್ಕೈತಿ” ಅಂದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಸಿರುಗುಪ್ಪ! ಸುತ್ತ ಭತ್ತ, ಊರ ತುಂಬ ಮಿಲ್ಲು, ಮಂತ್ರಾಲಯಕ್ಕೆ ಹೋಗುವ ಗಾಡಿಗಳೆಲ್ಲ ದಾಟುವ ಊರು. ಅಲ್ಲಿ ಇಳಿದು ಕೂತು ಕಾಫಿ ಕುಡಿಯಲು ಹೆಂಗಸರಿಗೆ ಒಂದು ಮರ್ಯಾದೆಯ ಜಾಗ ಇರಲಿಲ್ಲ. “ಮೊದಲು ಬಚ್ಚಲ ಕಟ್ಟಸು. ಚಿಲಕ ಒಳಗಿಂದ ಬೀಳ್ಬೇಕು. ಆಮ್ಯಾಲೆ ಮಷಿನ್” ಎಂದು ಅಪ್ಪಣೆ ಕೊಡಿಸಿದೆ. ಅವಳು ಹಾಗೇ ಮಾಡಿದಳು.

ಖುಷಿಯಾಗದವರು ಒಬ್ಬರೇ, ಅವಳ ಅಪ್ಪ. ಅವಳು ಚಿಕ್ಕವಳಿದ್ದಾಗ ಮಿಲ್ಲಿನ ಒಂದು ಪೈಪು ಬಿರಿದು ಅವರ ಎಡಗೈ ಮೊಣಕೈ ತನಕ ಬೆಂದಿತ್ತು. ಆ ತೊಗಲು ಇವತ್ತಿಗೂ ಸುಕ್ಕುಗಟ್ಟಿ ಹೊಳೆಯುತ್ತದೆ. ಬೇರೆಯವರ ಅಂಗಡಿಯಲ್ಲಿ ಸಂಬಳಕ್ಕೆ ಕೆಲಸ ಮಾಡುವಾಗ ಅವರು ಏನೂ ಅನ್ನಲಿಲ್ಲ, ಅಲ್ಲಿ ಮಷಿನ್ನು ನೋಡಿಕೊಳ್ಳಲು ಬೇರೆ ಜನ ಇದ್ದರು. ಸ್ವಂತದ್ದು ಅಂದಾಗ ಅಡ್ಡ ನಿಂತರು. “ಉಗಿಗೆ ನೆಂಟಸ್ತಿಕಿ ಗೊತ್ತಿಲ್ಲವಾ. ನಲವತ್ತು ವರ್ಷ ಅನ್ನ ಹಾಕೇತಿ, ಒಂದ ಕ್ಷಣದಾಗ ಕೈ ತಿಂದೇತಿ. ನೀ ಆ ಡಬ್ಬಿ ಇಟ್ಟ ಅಂಗಡಿಗೆ ನಾ ಕಾಲಿಡಂಗಿಲ್ಲ” ಅಂದರಂತೆ. ಅಂಗಡಿ ತೆರೆದ ದಿನ ನೆಂಟರೆಲ್ಲ ಬಂದರು. ಅವರು ಬರಲಿಲ್ಲ. ಬಂದವರಿಗೆಲ್ಲ ಕಾಫಿ ಕೊಡುತ್ತಾ ಅವಳು ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು. ನನಗೆ ಆ ಮನುಷ್ಯನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಸಿಕ್ಕಿದ್ದರೆ ಅಲ್ಲೇ ದಬಾಯಿಸಿಬಿಡುತ್ತಿದ್ದೆ.

ಮೂರು ತಿಂಗಳು ಕಳೆಯಿತು. ಅಂಗಡಿಗೆ ಜನ ಬರುತ್ತಿದ್ದರು, ಮಷಿನ್ನು ನೋಡಲು. ಫೋಟೋ ತೆಗೆಸಿಕೊಂಡು, “ಭಾಳ ಚಲೋ ಐತಿ” ಎಂದು ಹೊಗಳಿ, ಹೊರಗೆ ಹೋಗಿ ಟೀ ಕುಡಿಯುತ್ತಿದ್ದರು. ಬೈಟು ಕೇಳುವವರದ್ದು ಇನ್ನೊಂದು ಕಥೆ. ಎರಡು ಗುಟುಕಿನ ಎಸ್ಪ್ರೆಸ್ಸೊವನ್ನು ಬೈಟು ಮಾಡಿದರೆ ಇಬ್ಬರಿಗೂ ಸಿಗುವುದು ತೀರ್ಥವೇ. ಒಂದು ದಿನ ಅವಳು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾ ಹೇಳಿದಳು: “ಈ ತಿಂಗಳು ನೋಡ್ತೀನಿ ಅಕ್ಕಾ. ಆಗ್ಲಿಲ್ಲಂದ್ರ ಮಳಿಗಿ ಬಿಟ್ಟು, ಮಷಿನ್ ಮಾರಿ, ಮತ್ತ ಬಳ್ಳಾರಿಗೆ ಹೋಗ್ತೀನಿ.” ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲೂ ಇಲ್ಲ.

ನಾನು ಸುಮ್ಮನಿರುವ ಪೈಕಿ ಅಲ್ಲ. ಬಳ್ಳಾರಿಯಲ್ಲಿ ಪ್ರತಿ ಗುರುವಾರ ಮಂತ್ರಾಲಯಕ್ಕೆ ಮಿನಿ ಬಸ್ಸು ಬಿಡುವ ಟ್ರಾವೆಲ್ಸಿನ ಯಜಮಾನರೊಬ್ಬರಿದ್ದಾರೆ. ಅವರ ಡ್ರೈವರುಗಳ ಯೂನಿಫಾರಮ್ಮಿಗೆ ಗುಂಡಿ ಕೊಟ್ಟವಳು ನಾನೇ. ಅವರ ಆಫೀಸಿಗೆ ಹೋಗಿ ಕೂತೆ. ಪ್ರಯಾಣಿಕರು ಇಳಿಯಲು ಸ್ವಚ್ಛ ಜಾಗ, ಹೆಂಗಸರಿಗೆ ಬಚ್ಚಲು, ಈ ಜಿಲ್ಲೆಯಲ್ಲೇ ಇಲ್ಲದ ಕಾಫಿ, ಎಂದು ಒಂದು ತಾಸು ಕೊರೆದೆ. ಕೊನೆಗೆ ಅವರು ಕೈ ಮುಗಿದರು.

“ಆತ್ರಿ ಅಕ್ಕಾರ, ಬರೋ ಗುರುವಾರ ನಾನ ಗಾಡ್ಯಾಗ ಬರ್ತೀನಿ. ಹದಿನೆಂಟು ಮಂದಿ, ಹದಿನೈದು ನಿಮಿಷ. ಬರೋಬ್ಬರಿ ಎಂಟಕ್ಕ ಅಲ್ಲಿರ್ತೀವಿ. ಚಲೋ ಅನಿಸಿದ್ರ ಪ್ರತಿ ಗುರುವಾರ ನಿಲ್ಲಸ್ತೀನಿ. ಇಲ್ಲಾಂದ್ರ ಮತ್ತ ನೀವು ಈ ಮಾತು ಎತ್ತಬಾರ್ದು.”

ಪ್ರತಿ ಗುರುವಾರ ಒಂದು ಗಾಡಿ ನಿಂತರೆ ಸಾಕಿತ್ತು. ಅದನ್ನು ನೋಡಿ ಇನ್ನೊಂದು ನಿಲ್ಲುತ್ತದೆ, ಮಳಿಗೆ ಉಳಿಯುತ್ತದೆ. ನಾನು ಬಸ್ಸಿನಲ್ಲಿ ಬರುವಾಗ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಸ್ವಲ್ಪ ಸರಿದು ಕೂತಳು.

ಬುಧವಾರ ಸಂಜೆ ಫೋನು ಮಾಡಿ ತಯಾರಿ ವಿಚಾರಿಸಿದೆ. ಹಾಲು ಹೇಳಿದ್ದಳು, ಕಪ್ಪು ತೊಳೆದಿದ್ದಳು, ಪುಡಿ ಹೊಸದಿತ್ತು. ನೀರು? ನಲ್ಲಿ ನೀರನ್ನೇ ಬಕೆಟ್ಟಿಗೆ ತುಂಬಿ, ಅದರೊಳಗೆ ಮಷಿನ್ನಿನ ಪೈಪು ಇಳಿಬಿಟ್ಟಿರುತ್ತಾಳಂತೆ. ನಾನು ಫೋನಿನಲ್ಲೇ ಕೂಗಿದೆ.

“ಅಲ್ಲಲೇ, ಮನಿಗೆ ಬೀಗರು ಬಂದ್ರ ನಲ್ಲಿ ನೀರು ಕೊಡ್ತೀವೇನು? ಅಂಗಡ್ಯಾಗಿನ ಕ್ಯಾನ್ ನೀರು ತರಸ್ತೀವಿ ಹೌದಿಲ್ಲೋ? ಅಂಥಾ ಮಷಿನ್ನಿಗೆ ನಲ್ಲಿ ನೀರು ಕುಡಸ್ತೀಯೇನು? ಇವತ್ತ ಹಳೇ ನೀರು ಪೂರಾ ಚೆಲ್ಲು. ಶುದ್ಧ ನೀರಿನ ಘಟಕದ ಕ್ಯಾನು ತರಸು. ಅದನ್ನ ಹಾಕು.”

ನಮ್ಮ ಕಡೆ ಅದೊಂದು ನಂಬಿಕೆ. ಬೋರಿನ ನೀರು ಉಪ್ಪು, ನಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಮನೆಯಲ್ಲಿ ಎಂಥ ಬಡತನವಿದ್ದರೂ ಅತಿಥಿ ಬಂದರೆ ಇಪ್ಪತ್ತು ಲೀಟರಿನ ಕ್ಯಾನು ಬರುತ್ತದೆ. ಕ್ಯಾನ್ ನೀರು ಅಂದರೆ ಮರ್ಯಾದೆ. ಅವಳು ಹಿಂದೆ ಮುಂದೆ ನೋಡದೆ, “ಹೂಂ ಅಕ್ಕಾ” ಅಂದಳು. ಮಷಿನ್ನಿನ ಹೊಟ್ಟೆಯಲ್ಲಿದ್ದ ನೀರನ್ನು ಕಡೆಯ ಹನಿಯ ತನಕ ಖಾಲಿ ಮಾಡಿದಳು.

ಗುರುವಾರ ಬ್ರೂಸ್‌ಪೇಟೆಯ ಕಾಫಿಯನ್ನೂ ಬಿಟ್ಟು ಮೊದಲ ಬಸ್ಸು ಹಿಡಿದೆ. ಸಿರುಗುಪ್ಪದಲ್ಲಿ ಇಳಿದಾಗ ಆರೂಮುಕ್ಕಾಲು. ಅಂಗಡಿಯ ಮುಂದೆ ಕಸ ಗುಡಿಸಿ ನೀರು ಚಿಮುಕಿಸಿತ್ತು. ಒಳಗಿನಿಂದ ಮಾತ್ರ ಎಂಥದೋ ಗೊರಗೊರ ಸದ್ದು, ನಿಲ್ಲದ ಸದ್ದು.

ಅವಳು ಮಷಿನ್ನಿನ ಮುಂದೆ ಬೆವರಿ ನಿಂತಿದ್ದಳು. “ಅಕ್ಕಾ, ನೀರು ಎಳಿಯೋದು ನಿಂದ್ರವಲ್ದು. ಉಗಿ ಬರ್ಬೇಕಾದ ಕಡಿ ನೀರು ಬರಾಕತ್ತೇತಿ” ಅಂದಳು. ಹಾಲು ಕಾಯಿಸುವ ಕೊಳವೆಯ ತಿರುಪು ತಿರುಗಿಸಿ ತೋರಿಸಿದಳು. ಬುಸ್ ಎನ್ನಬೇಕಾದದ್ದು ಪಿಚಕ್ ಪಿಚಕ್ ಎಂದು ಬಿಸಿನೀರು ಉಗುಳಿತು. ಮೇಲೆ ಕೆಂಪು ದೀಪ ಮಿಟುಕುತ್ತಿತ್ತು. ಆಫ್ ಮಾಡಿ ಆನ್ ಮಾಡಿದಳು. ಮತ್ತೆ ಅದೇ ಗೊರಗೊರ, ಅದೇ ಕೆಂಪು ದೀಪ.

ಮಷಿನ್ನು ರಿಪೇರಿ ಮಾಡುವವನು ಬೆಂಗಳೂರಿನಲ್ಲಿದ್ದ. ಫೋನು ಎತ್ತಲಿಲ್ಲ. ಅವಳು ಎರಡು ಸಲ, ಮೂರು ಸಲ ಮಾಡಿದಳು. ನಾನು ಅವಳ ಕೈಯಿಂದ ಕಸಿದುಕೊಂಡು ನಾಲ್ಕನೇ ಸಲ ಮಾಡಿದೆ, ನನ್ನ ಸಿಟ್ಟಿಗೆ ಹೆದರಿ ಎತ್ತಿಯಾನು ಎನ್ನುವ ಹಾಗೆ. ಇಲ್ಲ. ಗಡಿಯಾರ ಏಳಾಯಿತು. ಅವಳು ಸ್ಟೂಲಿನ ಮೇಲೆ ಕುಸಿದು ಕೂತು, “ಮುಗೀತು ಅಕ್ಕಾ” ಅಂದಳು. ನಾನು ‘ಒಲೆ ಹಚ್ಚಿ ಪಾತ್ರೆಯಲ್ಲಿ ಕಾಫಿ ಕಾಯಿಸೋಣ’ ಅಂದೆ. ಅಂದ ಕೂಡಲೇ ನನಗೇ ನಾಚಿಕೆಯಾಯಿತು. ಅದಕ್ಕಾಗಿ ಯಾರು ಬಸ್ಸು ನಿಲ್ಲಿಸುತ್ತಾರೆ?

ಆಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಖಾಕಿ ಪ್ಯಾಂಟು, ಮಸಿ ಹಿಡಿದ ಬನಿಯನ್ನಿನ ಮೇಲೆ ಗುಂಡಿ ಹಾಕದ ಅಂಗಿ, ಕೈಯಲ್ಲಿ ಟಿಫಿನ್ ಚೀಲ. ಎಡಗೈಯ ತೊಗಲು ನೋಡಿದ ಕೂಡಲೇ ಯಾರೆಂದು ತಿಳಿಯಿತು. ಅವಳ ಅಪ್ಪ. ಎಷ್ಟೋ ದಿನದಿಂದ ದಬಾಯಿಸಬೇಕೆಂದು ಕಾದಿದ್ದವಳು ನಾನು, ಸರಿದು ದಾರಿ ಬಿಟ್ಟುಕೊಟ್ಟೆ.

ಅವರು ನನ್ನ ಕಡೆ ನೋಡಲಿಲ್ಲ. ಮಗಳಿಗೆ, “ಮೊದಲ ಕರೆಂಟ್ ತಗಿ” ಅಂದರು. ಅವಳು ತೆಗೆದಳು. ಅವರು ಚಪ್ಪಲಿ ಹೊರಗೆ ಬಿಟ್ಟು, ತಲೆ ಬಾಗಿಸಿ ಒಳಗೆ ಬಂದರು.

“ನಿನ್ನೆ ತನಕ ಚಲೋ ಉಸಿರಾಡ್ತಿತ್ತು. ಇವತ್ತ ಏನು ಹಾಕಿದಿ ಇದಕ್ಕ?”

ಅವಳು ತಿರುಗಿ ಅಪ್ಪನ ಮುಖ ನೋಡಿದಳು. “ನಿನ್ನೆ ತನಕ ಅಂದ್ರ? ನೀ ಯಾವಾಗ ಕೇಳಿದಿ?”

ಅವರು ಟಿಫಿನ್ ಚೀಲವನ್ನು ಮೇಜಿನ ಮೇಲಿಟ್ಟರು. “ನನ್ನ ರಾತ್ರಿ ಪಾಳಿ ಆರಕ್ಕ ಮುಗೀತೈತಿ. ಆ ಸೈಕಲ್ ಅಂಗಡಿ ಕಟ್ಟಿ ಮ್ಯಾಲೆ ಕುಂಡ್ರತೀನಿ. ನಿನ್ನ ಮಷಿನ್ ಸದ್ದು ಉಗಿ ಏಳೂ ತನಕ ಕೇಳ್ತೀನಿ. ಎದ್ದ ಮ್ಯಾಲೆ ಮನಿಗೆ ಹೋಗ್ತೀನಿ. ಮೂರು ತಿಂಗಳಾತು.”

ರಸ್ತೆಯಾಚೆ ಸೈಕಲ್ ರಿಪೇರಿ ಅಂಗಡಿಯ ಕಟ್ಟೆ ಇಲ್ಲಿಂದ ಕಾಣುತ್ತಿತ್ತು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಬಾಗಿಲಿನ ತನಕ ಮಾತ್ರ. ಅವಳು ಮೇಜು ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನು.

“ಆಮ್ಯಾಲೆ ಅಳೂಣು. ಏನು ಹಾಕಿದಿ?” ಅಂದರು ಅವರು.

“ಕ್ಯಾನ್ ನೀರು.”

“ಯಾರು ಹೇಳಿದ್ರು?”

ಅವಳು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ, “ನಾನ ಹೇಳೀನ್ರಿ ಅಣ್ಣಾರ. ಚಲೋ ನೀರು ಅಂತ…”

ಅವರು ಮೊದಲ ಸಲ ನನ್ನ ಕಡೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಸಿಕೊಳ್ಳಲು ತಯಾರಾಗಿಯೂ ನಿಂತೆ. “ನೀವು ದಾರ ಮಾರೋರು ಅಕ್ಕಾರ. ದಾರಕ್ಕ ನೀರಿನ ಗೊಡವಿ ಇಲ್ಲ” ಎಂದಷ್ಟೇ ಅಂದು ಮಷಿನ್ನಿನ ಪಕ್ಕಕ್ಕೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಕೈ ಕೆಲಸ ಮಾಡುತ್ತಲೇ ಮಗಳಿಗೆ ಹೇಳುತ್ತಾ ಹೋದರು. ಮಷಿನ್ನಿನ ಹೊಟ್ಟೆಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ಒಂದು ಲೋಹದ ಕಡ್ಡಿ ಇಳಿಬಿಟ್ಟಿರುತ್ತಾರೆ. ನೀರು ಬಂದು ಕಡ್ಡಿಗೆ ತಾಗಿದರೆ ನೀರಿನ ಮೂಲಕ ಒಂಚೂರು ಕರೆಂಟು ಹರಿಯುತ್ತದೆ, ‘ಸಾಕು’ ಎಂದು ಪಂಪು ನಿಲ್ಲುತ್ತದೆ. ಕರೆಂಟು ಹರಿಯಬೇಕಾದರೆ ನೀರಿನಲ್ಲಿ ಉಪ್ಪು ಖನಿಜ ಸ್ವಲ್ಪವಾದರೂ ಇರಬೇಕು. ಘಟಕದವರು ಅದನ್ನೆಲ್ಲ ಸೋಸಿ ತೆಗೆದಿರುತ್ತಾರೆ. ಕಡ್ಡಿ ನೀರಿನಲ್ಲಿ ಮುಳುಗಿದ್ದರೂ ಅದಕ್ಕೆ ನೀರು ಬಂದದ್ದೇ ಗೊತ್ತಾಗುವುದಿಲ್ಲ. ಪಂಪು ತುಂಬುತ್ತಲೇ ಇರುತ್ತದೆ, ಉಗಿಗೆ ಜಾಗವೇ ಇಲ್ಲ.

“ನಮ್ಮ ಮಿಲ್ಲಿನಾಗೂ ಹಿಂಗ ಆಗಿತ್ತು. ಸಾಹುಕಾರ್ರು ದೊಡ್ಡ ಫಿಲ್ಟರ್ ಹಾಕಸಿ ನೀರು ಸಪ್ಪಗ ಮಾಡಿದ್ರು. ಎರಡು ದಿನ ಬಾಯ್ಲರ್ ಉಪವಾಸ ಬಿತ್ತು. ನಲ್ಲಿ ನೀರು ಎಲ್ಲೈತಿ?”

ನಾನು ಕೊಡ ಹಿಡಿದು ಓಡಿದೆ. ಐವತ್ತು ವರ್ಷದ ಹೆಂಗಸು ಹೀಗೆ ಓಡಿದ್ದನ್ನು ಸಿರುಗುಪ್ಪ ನೋಡಿರಲಿಕ್ಕಿಲ್ಲ. ಪುಣ್ಯಕ್ಕೆ ಬೀದಿ ನಲ್ಲಿಯಲ್ಲಿ ತುಂಗಭದ್ರೆ ಸುರಿಯುತ್ತಿದ್ದಳು. ಸರದಿಯಲ್ಲಿದ್ದವರು ಬೈದರು, ನಾನು ಅದಕ್ಕಿಂತ ಜೋರಾಗಿ ಬೈದು ಕೊಡ ತುಂಬಿಸಿಕೊಂಡೆ. ಮರಳಿ ಬರುವಷ್ಟರಲ್ಲಿ ಅವರು ಕೆಳಗಿನ ತಿರುಪು ಸಡಿಲಿಸಿ, ಮಷಿನ್ನಿನ ಬಿಸಿನೀರನ್ನು ಬಕೆಟ್ಟಿಗೆ ಇಳಿಸಿದ್ದರು. ಮಗಳನ್ನು ಮೂರು ಹೆಜ್ಜೆ ಹಿಂದೆ ನಿಲ್ಲಿಸಿ, ಆ ಬೆಂದ ಕೈಯನ್ನೇ ಮುಂದೆ ಮಾಡಿದ್ದರು.

ಕ್ಯಾನ್ ನೀರು ಅರ್ಧ, ಹೊಳೆ ನೀರು ಅರ್ಧ ಬೆರೆಸಿದರು; ಪೂರಾ ಹೊಳೆ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದಂತೆ. ಪೈಪು ಇಳಿಬಿಟ್ಟು, “ಈಗ ಹಚ್ಚು” ಅಂದರು. ಏಳೂ ಇಪ್ಪತ್ತು. ಪಂಪು ಗೊರಗುಟ್ಟಿತು. ನಾವು ಮೂವರೂ ಮಷಿನ್ನಿನ ಕಡೆ ಬಾಗಿ ನಿಂತೆವು. ಗೊರ, ಗೊರ, ಗೊರ, ಆಮೇಲೆ ಟಕ್. ನಿಂತಿತು! ನಾನು ‘ಹೋ’ ಎಂದು ಕೂಗಿದೆ. ಅವರು ಬೆರಳು ತುಟಿಯ ಮೇಲಿಟ್ಟು ನನ್ನನ್ನು ಸುಮ್ಮನಾಗಿಸಿ, ಮಷಿನ್ನಿನ ಪಕ್ಕ ಕಿವಿ ಇಟ್ಟು ನಿಂತರು. ಉಗಿ ಏಳಲು ಅರ್ಧ ತಾಸು ಬೇಕು. ಆ ಅರ್ಧ ತಾಸು ನನ್ನ ಆಯುಷ್ಯದಲ್ಲಿ ಒಂದು ವರ್ಷ ತಿಂದಿತು.

ಎಂಟಕ್ಕೆ ಐದು ನಿಮಿಷವಿರುವಾಗ ಅವರು ಕಿವಿ ತೆಗೆದು ತಲೆಯಾಡಿಸಿದರು. ಅವಳು ಕೊಳವೆ ತಿರುಗಿಸಿದಳು. ಬುಸ್! ಒಣ ಉಗಿ, ಬೆಳ್ಳನೆ ಉಗಿ. ಅದರ ಬೆನ್ನಿಗೇ ಹೊರಗೆ ಹಾರನ್ನು.

ಹದಿನೆಂಟು ಮಂದಿ ಇಳಿದರು. ಹೆಂಗಸರು ನೇರವಾಗಿ ಬಚ್ಚಲ ಕಡೆ ನಡೆದು, ಚಿಲಕ ನೋಡಿ ಮುಖ ಅರಳಿಸಿ ಹೊರಬಂದರು. ಕೆಲವರಿಗೆ ಗುರುವಾರದ ಉಪವಾಸ. “ಉಪವಾಸಕ್ಕ ಕಾಫಿ ನಡೀತೈತಿ” ಎಂದು ಒಬ್ಬರು ತೀರ್ಪು ಕೊಟ್ಟರು, ಉಳಿದ ಉಪವಾಸಿಗರು ಒಪ್ಪಿಕೊಂಡರು. ಅವಳ ಕೈ ಹೇಗೆ ಓಡಿತು ಅಂತೀರಿ! ಪುಡಿ ತುಂಬುವುದು, ಒತ್ತುವುದು, ತಿರುಗಿಸಿ ಬಿಗಿಯುವುದು, ರಸ ಇಳಿಯುತ್ತಿದ್ದ ಹಾಗೇ ಇನ್ನೊಂದು ಕೈಯಲ್ಲಿ ಹಾಲು ನೊರೆಯೆಬ್ಬಿಸುವುದು. ಅಪ್ಪ ಮಷಿನ್ನಿನ ಹಿಂದೆ ನಿಂತು ಉಗಿಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು, “ಈಗ ಬಿಡು… ತಡಿ… ಈಗ” ಎಂದು ಮೆಲ್ಲಗೆ ಹೇಳುತ್ತಿದ್ದರು. ಅವಳು ಒಮ್ಮೆಯೂ ತಿರುಗಿ ನೋಡದೆ ಆ ಮಾತಿನ ಪ್ರಕಾರವೇ ಉಗಿ ಬಿಡುತ್ತಿದ್ದಳು. ನಾನು ಕಪ್ಪು ಹಂಚಿದೆ. ಮೂರು ಜನರ ಅಂಗೈ ಮೇಲೆ ಚೆಲ್ಲಿದೆ, ಅವರೇ ನನಗೆ “ಇರ್ಲಿ ಬಿಡ್ರಿ” ಅಂದರು.

ಬಿಳಿ ಅಂಗಿಯ ಟ್ರಾವೆಲ್ಸ್ ಯಜಮಾನರು ಒಂದು ಮೂಲೆಯಲ್ಲಿ ವಾಚು ನೋಡುತ್ತಾ ನಿಂತಿದ್ದರು. ಎಂಟೂ ಹದಿನೈದಾಯಿತು. ಇನ್ನೂ ಐದು ಮಂದಿಗೆ ಕಾಫಿ ಬಂದಿರಲಿಲ್ಲ. ಅವರು ಡ್ರೈವರಿಗೆ ಸನ್ನೆ ಮಾಡಿದರು. ಹಾರನ್ ಕೂಗಿತು. ಅವಳ ಕೈ ಗಾಳಿಯಲ್ಲೇ ನಿಂತಿತು.

ಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕಮ್ಮ, ಕಾಫಿ ಸಿಗದ ಐವರಲ್ಲಿ ಒಬ್ಬರು, ಕೋಲನ್ನು ನೆಲಕ್ಕೆ ಕುಟ್ಟಿದರು. “ರಾಯರು ಎಲ್ಲಿಗೂ ಹೋಗಂಗಿಲ್ಲಪ್ಪ, ಕುಂತಲ್ಲೇ ಕುಂತಿರ್ತಾರ. ನಾ ಕಾಫಿ ಕುಡದ ಏಳಾಕಿ. ಬೇಕಾದ್ರ ಗಾಡಿ ಒಯ್ರಿ.” ಉಳಿದ ನಾಲ್ವರೂ ಅವರ ಪಕ್ಕದ ಕುರ್ಚಿಗಳಲ್ಲಿ ಕೂತರು. ಕುಡಿದು ಮುಗಿಸಿದವರಲ್ಲಿ ಇಬ್ಬರು, ನಿಂತದ್ದು ಹೇಗೂ ನಿಂತಾಯಿತು ಎಂದು ಇನ್ನೊಂದು ಬೈಟು ಹೇಳಿದರು.

ಗಾಡಿ ಹೊರಟಾಗ ಎಂಟೂವರೆ. ಯಜಮಾನರು ಹತ್ತುವ ಮುಂಚೆ ತಿರುಗಿ ಬಂದರು. “ಹದಿನೈದು ನಿಮಿಷ ಅಂದಿದ್ದೆ ಅಕ್ಕಾರ” ಅಂದರು. ನಾನು ಜಗಳಕ್ಕೆ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, “ಅದು ಸಾಲಂಗಿಲ್ಲ. ಬರೋ ಗುರುವಾರದಿಂದ ಅರ್ಧ ತಾಸು. ಎರಡು ಗಾಡಿ ಬರ್ತಾವ” ಅಂದು ಹೋಗಿ ಹತ್ತಿದರು.

ನಾನು ಕುಣಿದೆ. ನಿಜವಾಗಿ ಕುಣಿದೆ, ಬೀದಿಯಲ್ಲೇ. ಒಳಗೆ ಬಂದು ನೋಡಿದರೆ ಅಪ್ಪ ಮಗಳು ಇಬ್ಬರೂ ನಿಂತಿದ್ದರು, ಮಷಿನ್ನಿನ ಆಚೆ ಒಬ್ಬರು, ಈಚೆ ಒಬ್ಬರು. ಅವಳು ಒಂದು ಕಪ್ಪು ಮಾಡಿ ಅವರ ಮುಂದೆ ಇಟ್ಟಳು. ಅವರು ಗುಟುಕರಿಸಿ ಮುಖ ಹಿಂಡಿದರು. “ಕಹಿ ಐತಿ” ಅಂದರು, ಆದರೂ ತಳ ಕಾಣುವ ತನಕ ಕುಡಿದರು. ಟಿಫಿನ್ ಚೀಲ ಎತ್ತಿಕೊಂಡು ಬಾಗಿಲ ತನಕ ಹೋಗಿ, ಚಪ್ಪಲಿ ಮೆಟ್ಟುತ್ತಾ ಅಲ್ಲೇ ನಿಂತರು.

“ನಾಳೆ ಎಷ್ಟಕ್ಕ ಹಚ್ಚಬೇಕು?”

“ಆರಕ್ಕ, ಅಪ್ಪಾ.”

“ನನ್ನ ಪಾಳಿನೂ ಆರಕ್ಕ ಬಿಡ್ತೈತಿ. ಮಿಲ್ಲಿಂದ ಸೈಕಲ್ ಮ್ಯಾಲೆ ಬರಾಕ ಹತ್ತು ನಿಮಿಷ” ಅಂದರು ಅವರು. “ನಾ ಬರೂ ತನಕ ಸ್ವಿಚ್ ಮುಟ್ಟಬ್ಯಾಡ.”